ಮೈಲಾರವ್ವನ ಮಣ್ಣಿನ ಹದ

ದೇವಿಕೊಪ್ಪದ ಕುಂಬಾರ ಓಣಿಯಲ್ಲಿ ತಿಗರಿ ತಿರುಗಿಸೋದು ಗಂಡಸರು, ಮಣ್ಣು ಹದ ಮಾಡೋದು ಹೆಂಗಸರು. ಒಂದು ಮನೆಯ ಮಣ್ಣಿಗೆ ಏನು ಬೀಳುತ್ತದೆ ಅನ್ನೋದು ಬಾಜು ಮನೆಗೆ ತಿಳಿಯುವಂತಿರಲಿಲ್ಲ. ಕೆಂಚವ್ವ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಮೈಲಾರವ್ವ ಹಿತ್ತಲ ಬಾಗಿಲಿಗೆ ತಟ್ಟಿನ ಪರದೆ ಇಳಿಬಿಟ್ಟು, ಅವಳ ಕೈ ಹಿಡಿದು ಕೆಸರಿನಲ್ಲಿ ಅದ್ದಿ ಹೇಳಿದ್ದಳು:

"ಇದನ್ನ ಸೊಸಿಗಷ್ಟ ಹೇಳಬೇಕವಾ. ಮಗಳಿಗೆ ಹೇಳಿದ್ರ ಗಂಡನ ಮನಿಗೆ ಹೊತ್ಕೊಂಡ ಹೋಗ್ತಾಳ. ನನ್ನ ಮಗಗೂ ಹೇಳಬ್ಯಾಡ, ಅವನ ಬಾಯಾಗ ಏನೂ ನಿಲ್ಲಂಗಿಲ್ಲ."

ಗುಟ್ಟು ಅಂದರೆ ಕತ್ತೆಯ ಲದ್ದಿ. ಒಣಗಿಸಿ, ಕುಟ್ಟಿ, ಹಳೆಯ ಧೋತರದಲ್ಲಿ ಸೋಸಿ, ಕೆರೆಯ ಮಣ್ಣಿಗೆ ಬೆರೆಸಿ, ಹುಳಿ ವಾಸನೆ ಬರೋತನಕ ಕೊಳೆಹಾಕಬೇಕು. ಆಮೇಲೆ ಚಿಟಿಕೆ ಮಣ್ಣು ಹಲ್ಲಿನಲ್ಲಿ ಕಡಿದು ನೋಡಬೇಕು. ಕರ್ ಅಂದರೆ ಉರುಟು. ಹಿಟ್ಟಿನ ಹಂಗೆ ಜಾರಿದರೆ ಒಣಗುವಾಗ ಬಿರಿಯುತ್ತದೆ. ನಡುವಿನ ಹದ ಹಲ್ಲಿಗೇ ಗೊತ್ತು.

"ಅತ್ತಿ ಸೊಸಿ ಕೂಡಿ ಏನ್ ತಿನ್ನಾಕತ್ತೀರಿ? ನನಗೂ ಒಂಚೂರು ಕೊಡ್ರಿ" ಅಂತ ಗಂಡ ಮುದಕಪ್ಪ ಪರದೆಯಾಚೆಯಿಂದ ಕೂಗುತ್ತಿದ್ದ. ನಗು ತಡೆಯಲಾಗದೆ ಕೆಂಚವ್ವ ಮಣ್ಣು ನುಂಗಿದ್ದೂ ಉಂಟು.

ಈಗ ಅತ್ತೆಯೂ ಇಲ್ಲ, ಮುದಕಪ್ಪನೂ ಇಲ್ಲ. ತಿಗರಿ ಹಿಡಿದ ಮಗ ಹೊಳೆಪ್ಪನಿಗೆ, ಮಣ್ಣಿನ ಕೆಲಸದವನು ಅಂತ ಯಾರೂ ಹೆಣ್ಣು ಕೊಟ್ಟಿಲ್ಲ. ಗುಟ್ಟು ಹೇಳಲಿಕ್ಕೆ ಸೊಸೆಯೇ ಇಲ್ಲ. ಕೆರೆಯ ಮಣ್ಣನ್ನು ಯಂತ್ರಗಳು ಎತ್ತಿ ಹೊಲಗಳಿಗೆ ಸುರಿದವು. ಓಣಿಯಲ್ಲಿ ಉಳಿದದ್ದು ಕೆಂಚವ್ವನ ಮನೆ, ಬಾಜುವಿನ ಅನ್ನವ್ವನ ಮನೆ. ಅನ್ನವ್ವನ ಮಗ ಸಿದ್ದರಾಮ ಮೊರಬದಿಂದ ಟ್ರ್ಯಾಕ್ಟರಿನಲ್ಲಿ ಎರಿಮಣ್ಣು ತರಿಸಿದ, ತಂಬೂರಿನಿಂದ ಕೆಂಪು ಮಣ್ಣು. ಎರಡೂ ಮನೆಗೆ ಒಂದೇ ಗುಂಡಿ, ಒಂದೇ ಹದ ಅಂತ ಅವನ ಹಟ.

ಗಡಿಗೆ ಸುಟ್ಟ ಮೊದಲ ಆವಿಗೆ ಬಿಚ್ಚಿದರೆ ಅರ್ಧಕ್ಕರ್ಧ ಬಿರಿದಿದ್ದವು. "ಇನ್ನೊಮ್ಮೆ ಹಿಂಗಾದ್ರ ಆವಿಗಿ ಕೆಡವಿ ಗ್ಯಾರೇಜ್ ಸೇರ್ತೀನಿ" ಅಂದ ಸಿದ್ದರಾಮ.

ಬಿರಿಯದಂತೆ ಮಾಡೋದು ಏನೆಂದು ಕೆಂಚವ್ವನಿಗೆ ಗೊತ್ತಿತ್ತು. ಹೇಳಿದರೆ ಅತ್ತೆಗೆ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಓಣಿಯ ಆವಿಗೆಯೇ ಆರುತ್ತದೆ. ಕಡೆಗೆ ಎದ್ದು, ಚೂರು ಆರಿಸುತ್ತಿದ್ದ ಅನ್ನವ್ವನ ಹತ್ತಿರ ಹೋಗಿ ಕುಂತಳು.

"ಅನ್ನವ್ವಾ, ನಮ್ಮತ್ತಿ ಮಣ್ಣಿಗೆ..."

"ಕತ್ತಿ ಲದ್ದಿ" ಅಂದಳು ಅನ್ನವ್ವ, ತಲೆ ಎತ್ತದೆ.

ಕೆಂಚವ್ವ ಬೆಪ್ಪಾದಳು. "ನಿನಗ್ಯಾರ್ ಹೇಳಿದ್ರು ಬೇ?"

"ಹೇಳೂದೇನೈತಿ? ಕತ್ತಿ ಎಲ್ಲಾರ ಮನಿ ಮುಂದ ಅಡ್ಡಾಡ್ತಿದ್ವು, ಲದ್ದಿ ಮಾತ್ರ ನಿಮ್ಮ ಹಿತ್ತಲ ಸೇರ್ತಿತ್ತು. ಅಷ್ಟು ಚೊಕ್ಕ ಓಣಿ ಪಂಚಾಯ್ತಿಯವರೂ ಇಟ್ಟಿಲ್ಲ ನೋಡು."

"ಮತ್ತ ನೀವ್ಯಾಕ ಹಾಕಲಿಲ್ಲ?"

"ಹಾಕಿದ್ವಿ, ಹಸೀದ! ಗಡಿಗಿ ಹೋಗಿ ಜರಡಿ ಆದ್ವು. ನಿಮ್ಮತ್ತಿನ್ನ ಕೇಳಾಕ ನಮ್ಮತ್ತಿಗೆ ಸೊಕ್ಕು."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ಇಳಿದ ಮೇಲೆ ಅನ್ನವ್ವನೇ ಕೇಳಿದಳು: "ಅದಿರಲಿ, ಈಗ ಕತ್ತಿ ಎಲ್ಲಿಂದ ತರ್ತಿ?"

ಕೆಂಚವ್ವ ಅದನ್ನು ಯೋಚಿಸಿರಲೇ ಇಲ್ಲ. ಮಣ್ಣು ಹೊತ್ತು ಸಾಲಾಗಿ ಬರುತ್ತಿದ್ದ ಕತ್ತೆಗಳು, ಅವುಗಳ ಕಿವಿ ಹಿಡಿದು ಮಕ್ಕಳಿಗೆ ಬೈದಂತೆ ಬೈಯುತ್ತಿದ್ದ ಮೈಲಾರವ್ವ ಕಣ್ಣ ಮುಂದೆ ಬಂದು ಹೋದರು. ಟ್ರ್ಯಾಕ್ಟರ್ ಬಂದ ಮೇಲೆ ಓಣಿಯಲ್ಲಿ ಒಂದು ಕತ್ತೆಯೂ ಉಳಿದಿಲ್ಲ. ಜೀವಮಾನವಿಡೀ ಸೆರಗಿಗೆ ಕಟ್ಟಿಕೊಂಡು ಕಾಯ್ದ ಗುಟ್ಟು ಬರೀ ಮಾತಾಗಿತ್ತು.

"ಲದ್ದಿ ಅಂದ್ರೂ ಕತ್ತಿ ತಿಂದು ಅರದ ಹೊಟ್ಟ ಅಲ್ಲೇನ?" ಅಂದಳು ಕಡೆಗೆ.

ಕಲಘಟಗಿಯ ಗಿರಣಿಯಿಂದ ಭತ್ತದ ಹೊಟ್ಟು ತಂದು, ಕುಟ್ಟಿ, ಸೋಸಿ ಕೊಳೆಹಾಕಿದರು. ಆದರೆ ಹದ ನೋಡಲು ಕೆಂಚವ್ವನ ಬಾಯಲ್ಲಿ ಕಡಿಯುವ ಹಲ್ಲಿರಲಿಲ್ಲ. ಪರದೆಯಿಲ್ಲದ ಬಯಲಲ್ಲಿ, ಎಲ್ಲರ ಎದುರೇ, ಅನ್ನವ್ವನ ಸೊಸೆ ಸೀಮಾಳನ್ನು ಕೂರಿಸಿಕೊಂಡು ಅವಳ ಬಾಯಿಗೆ ಮಣ್ಣಿಟ್ಟಳು.

"ಥೂ!"

"ಉಗುಳಬ್ಯಾಡ, ಕಡಿ. ಏನಂತೈತಿ?"

"ಕರ್ ಅಂತೈತ್ರಿ."

ಮತ್ತೆ ಸೋಸಿದರು, ಮತ್ತೆ ಕಡಿಸಿದಳು. ಕೊನೆಗೊಮ್ಮೆ ಸೀಮಾ ಕಣ್ಣು ಮುಚ್ಚಿ, "ಸಜ್ಜಕದಾಗಿನ ರವಾ ಇದ್ದಂಗೈತ್ರಿ" ಅಂದಳು.

"ಅದ ನೋಡವಾ, ಅದ" ಅಂದ ಕೆಂಚವ್ವ ಅವಳ ಕೈ ಹಿಡಿದು ಕೆಸರಿನಲ್ಲಿ ಅದ್ದಿದಳು.

ಆ ಸಲದ ಆವಿಗೆಯಲ್ಲಿ ಬಿರಿದದ್ದನ್ನು ಹುಡುಕಬೇಕಾಯಿತು. ಸಿದ್ದರಾಮ ಗ್ಯಾರೇಜಿನ ಮಾತು ಎತ್ತಲಿಲ್ಲ. ಕೆಂಚವ್ವ ಹೊಸ ಕೊಡದ ನೀರು ಕುಡಿದು ನೋಡಿದಳು. ತಂಪಿತ್ತು. ಹಳೆಯ ಕೆರೆಯ ವಾಸನೆ ಇರಲಿಲ್ಲ.

"ಹೆಂಗೈತಿ?" ಅಂದಳು ಅನ್ನವ್ವ.

"ನಮ್ಮತ್ತಿ ಇದ್ದಿದ್ರ ಬೈತಿದ್ಲು" ಅಂದ ಕೆಂಚವ್ವ ಇನ್ನೊಂದು ತಂಬಿಗೆ ತುಂಬಿಕೊಂಡಳು.