ಅಮ್ಮನ ಎಲೆಗೆ ಎಂತ ಬಡಿಸುದು

ನಮ್ಮದು ದರ್ಬೆ ಪೇಟೆಯಲ್ಲಿ ರಸ್ತೆ ಬದಿಯ ಹೋಟೆಲಿನ ಮನೆ. ಎದುರು ಅಪ್ಪನ ಚಾ-ತಿಂಡಿಯ ಹೋಟೆಲು, ಅದರ ಬೆನ್ನಿಗೇ ನಮ್ಮ ವಾಸ. ಬಸ್ಸಿನವರು, ಕಚೇರಿಯ ಗುಮಾಸ್ತರು, ಅಡಿಕೆ ವ್ಯಾಪಾರದ ಬ್ಯಾರಿಗಳು ಎಲ್ಲ ನಮ್ಮಲ್ಲಿಗೇ ಬರುತ್ತಿದ್ದದ್ದು. ಯಾರಿಗೆ ಸಕ್ಕರೆ ಕಡಿಮೆ, ಯಾರ ದೋಸೆ ಕೆಂಪಗಾಗಬೇಕು ಎಂಬುದೆಲ್ಲ ಅಪ್ಪನಿಗೆ ಬಾಯಿಪಾಠ. ಊರಿಗೆಲ್ಲ ತಿನ್ನಿಸುವ ಅಂಥ ಮನೆಯಲ್ಲಿ ಹದಿನೈದು ವರ್ಷದ ನಾನು ಊಟ ಬಿಟ್ಟು ಕೂತಿದ್ದೆ. ಎಲ್ಲರೂ ಹಠ ಅಂದುಕೊಂಡರು. ಹಠ ಮಾಡುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ! ತುತ್ತು ಗಂಟಲಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ, ಮಾತು ಗಂಟಲಿಗಿಂತ ಮೇಲೆ ಬರುತ್ತಿರಲಿಲ್ಲ.

ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಅಮ್ಮ ಜ್ವರದಲ್ಲಿ ತೀರಿಹೋಗಿದ್ದಳು. ಉತ್ತರಕ್ರಿಯೆ ಮುಗಿದ ಮೇಲೆ ಅಪ್ಪನ ಅಕ್ಕ, ಎಂದರೆ ನನ್ನ ಅತ್ತೆ, ತಮ್ಮ ಊರು ಕೊಲ್ಲಮೊಗ್ರಿನಿಂದ ಬಂದು ನಮ್ಮ ಮನೆಯ ಜವಾಬ್ದಾರಿ ಹೊತ್ತುಕೊಂಡರು. ಮಕ್ಕಳಿಲ್ಲದ ವಿಧವೆ, ಬೆಳಗಿನಿಂದ ಸಂಜೆವರೆಗೆ ದುಡಿಯುವ ಜೀವ. ಆದರೆ ಬಂದವರೇ ಒಂದು ಕಾನೂನು ಮಾಡಿದರು. ಹುಡುಗಿಯ ಎದುರು ಸತ್ತವಳ ಸುದ್ದಿ ಎತ್ತಬಾರದು. ಎತ್ತಿದರೆ ಮರೆಯುವುದಿಲ್ಲ, ಮರೆಯದಿದ್ದರೆ ಹುಷಾರಾಗುವುದಿಲ್ಲ. ಅಮ್ಮನ ಸೀರೆಗಳು ಟ್ರಂಕಿಗೆ ಸೇರಿದವು. ಅವಳು ಕೂರುತ್ತಿದ್ದ ಮಣೆ ಅಟ್ಟಕ್ಕೆ ಹೋಯಿತು. ನಾನು ಅಡುಗೆಮನೆಗೆ ಕಾಲಿಟ್ಟರೆ ನಡೆಯುತ್ತಿದ್ದ ಮಾತು ಪಕ್ಕನೆ ನಿಂತು ಮಳೆ-ಬಿಸಿಲಿನ ಸುದ್ದಿ ಶುರುವಾಗುತ್ತಿತ್ತು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಮ್ಮ ಏನು ಕದ್ದು ಓಡಿಹೋದವಳೇ, ಅವಳ ಹೆಸರು ಹೇಳಬಾರದು ಎನ್ನಲು?

ನನಗೆ ಮದ್ದು ಮಾಡಿದ್ದು ಕಡಿಮೆಯೇನಲ್ಲ. ಡಾಕ್ಟರು ಕೊಟ್ಟ ಟಾನಿಕ್ ಕುಡಿಸಿದರು. ಬೆಳೆದ ಹುಡುಗಿ, ಎಲ್ಲಿಯೋ ಸೋಂಕು ತಾಗಿರಬೇಕೆಂದು ನೂಲು ಮಂತ್ರಿಸಿ ಕಟ್ಟಿಸಿದರು. ಈಗ ನನ್ನ ಮೊಮ್ಮಗಳ ಶಾಲೆಯಲ್ಲಿ ಮಕ್ಕಳ ಮನಸ್ಸಿನ ಮಾತು ಕೇಳುವುದಕ್ಕೆಂದೇ ಒಬ್ಬ ಟೀಚರು ಇದ್ದಾರಂತೆ. ಬಹಳ ಒಳ್ಳೆಯದು. ನಮ್ಮ ಕಾಲಕ್ಕೆ ಹುಡುಗಿಯರಿಗೆ ಮನಸ್ಸು ಅಂತ ಒಂದು ಇರುತ್ತದೆ ಎಂದು ಯಾರಿಗೆ ಗೊತ್ತಿತ್ತು! ಮೈ ಸೊರಗಿದ್ದು ಕಂಡಿತು, ಅದಕ್ಕೆ ಮದ್ದು ಹುಡುಕಿದರು.

ಯಾವುದೂ ನಾಟದಾಗ ಅತ್ತೆ ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಮಳೆಗಾಲದ ಆಟಿ ತಿಂಗಳು ಕಳೆದ ಕೂಡಲೇ ನನ್ನನ್ನು ಕೊಲ್ಲಮೊಗ್ರಿಗೆ ಕರೆದುಕೊಂಡು ಹೋಗುವುದು. ಶಾಲೆ ಬಿಡಿಸುವುದು. ನೀರು-ಗಾಳಿ ಬದಲಾದರೆ ಹುಡುಗಿ ಸರಿಯಾಗುತ್ತಾಳೆ, ಆಮೇಲೆ ಒಂದು ಗಂಡು ನೋಡಿದರಾಯಿತು. ಅಪ್ಪ ಹೂಂ ಎಂದರು. ಅವರು ಆ ದಿನಗಳಲ್ಲಿ ಎಲ್ಲದಕ್ಕೂ ಹೂಂ ಎನ್ನುತ್ತಿದ್ದರು. ಎಸ್ಸೆಲ್ಸಿಗೆ ನನಗಿದ್ದದ್ದು ಇನ್ನೊಂದೇ ವರ್ಷ. ಅಮ್ಮ ಓಡಾಡಿದ ಮನೆಯೂ ಇದೊಂದೇ. ಬರುವುದಿಲ್ಲ ಎಂದು ಕೂಗಬೇಕೆನಿಸಿತು. ಬಾಯಿ ತೆರೆದರೆ ಸ್ವರ ಹೊರಡಲಿಲ್ಲ.

ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮ ನಮ್ಮಲ್ಲುಂಟು. ಅವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನೇ ಅಟ್ಟು, ದೀಪ ಹಚ್ಚಿ ಎಲೆಯಲ್ಲಿ ಬಡಿಸಿ, ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುತ್ತಾರೆ. ಇಷ್ಟದ್ದು ಎಲೆಯಲ್ಲಿ ಇಲ್ಲದಿದ್ದರೆ ಹಸಿದೇ ಹಿಂದೆ ಹೋಗುತ್ತಾರೆ ಎಂದು ನಮ್ಮವರ ನಂಬಿಕೆ. ಅತ್ತೆಯ ಕಾನೂನು ಎಡವಿದ್ದು ಇಲ್ಲೇ. ಸತ್ತವಳ ಸುದ್ದಿ ಎತ್ತದೆ ಈ ಕೆಲಸ ಮಾಡುವುದು ಹೇಗೆ? ಅವರು ಹೋಟೆಲಿನ ಹಿಂಬಾಗಿಲಲ್ಲಿ ನಿಂತು, ನಾನು ಕಡೆಯುವ ಕಲ್ಲಿನ ಹತ್ತಿರ ಕೂತದ್ದನ್ನು ನೋಡದೆ, ಅಪ್ಪನನ್ನು ಕೇಳಿದರು.

"ಅವಳ ಎಲೆಗೆ ಎಂತ ಬಡಿಸುದು? ಅವಳಿಗೆ ಎಂತ ಇಷ್ಟ ಇತ್ತು?"

ಅಪ್ಪ ಕೈ ಒರೆಸುತ್ತಾ ತುಂಬಾ ಹೊತ್ತು ಯೋಚಿಸಿದರು. "ಅವಳಾ? ಎಂತ ಇದ್ರೂ ತಿಂತಿದ್ದಳು ಅಕ್ಕ."

ತಿನ್ನದೆ ಏನು ಮಾಡುತ್ತಾಳೆ? ಗಿರಾಕಿಗಳದ್ದಾಗಿ, ಅಪ್ಪನದ್ದಾಗಿ, ನನ್ನದಾಗಿ, ಮೂರು ಗಂಟೆಗೆ ತಳದಲ್ಲಿ ಉಳಿದದ್ದೇ ಅವಳ ಊಟ. ಹಾಗಾದರೆ ಕೋಳಿ-ರೊಟ್ಟಿಯೇ ಆಗಲಿ, ಅದು ಬೇಡ ಎನ್ನುವವರು ಯಾರು ಎಂದು ಅತ್ತೆ ಅಂಗಳಕ್ಕಿಳಿದು, ಕೆಂಪು ಹೇಂಟೆಯನ್ನು ಹಿಡಿದು ಕಂಕುಳಲ್ಲಿಟ್ಟುಕೊಂಡರು. ಅದು ಅಮ್ಮ ನುಚ್ಚು ಹಾಕಿ ಸಾಕಿದ ಹೇಂಟೆ. ಸತ್ತ ಮೇಲೆ ಮೊದಲ ಸಲ ಮನೆಗೆ ಬರುವ ಅಮ್ಮ ಎಲೆಯಲ್ಲಿ ಅದನ್ನು ಕಂಡು ಹಾಗೇ ತಿರುಗಿ ಹೋಗುತ್ತಾಳೆ, ಮಳೆಯಲ್ಲಿ, ಬರಿಹೊಟ್ಟೆಯಲ್ಲಿ. ನನಗೆ ತಡೆಯಲಾಗಲಿಲ್ಲ.

"ಅಮ್ಮ ಕೋಳಿ ತಿನ್ನುದಿಲ್ಲ" ಎಂದೆ. ಸ್ವರ ನನ್ನದೇ ಎನ್ನಿಸಲಿಲ್ಲ. "ಅವಳು ಸಾಕಿದ್ದು ಅವಳಿಗೆ ತಿನ್ಲಿಕ್ಕೆ ಆಗುದಿಲ್ಲ. ನಿಮಗೆಲ್ಲ ಬಡಿಸಿ ಅವಳು ಬರೇ ರೊಟ್ಟಿ ತಿಂತಿದ್ದಳು. ಒಬ್ಬರಾದ್ರೂ ನೋಡಿದ್ದೀರಾ?"

ಅತ್ತೆಯ ಕೈ ಸಡಿಲಾಗಿ ಹೇಂಟೆ ಕೊಕ್ಕೊಕ್ಕೊ ಎನ್ನುತ್ತಾ ಓಡಿತು. ಅವರು ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತರು. ಗದರುತ್ತಾರೆಂದು ನಾನು ಕಾದೆ. "ಮತ್ತೆ ಎಂತ ಬೇಕು ಮಗಾ ಅವಳಿಗೆ?" ಎಂದು ಮೆಲ್ಲಗೆ ಕೇಳಿದರು.

ಬಿಂಬುಳಿ ಎಂದು ಹೇಳಿದೆ. ಆ ಹಸಿ ಹುಳಿಕಾಯಿಯನ್ನು ಉಪ್ಪು, ಗಾಂಧಾರಿ ಮೆಣಸು ಹಾಕಿ ಜಜ್ಜಿ, ಮಧ್ಯಾಹ್ನ ಅಪ್ಪ ಮಲಗಿದ ಮೇಲೆ, ಬಚ್ಚಲಿನ ಹಿಂದೆ ನಾವಿಬ್ಬರೂ ಕೂತು ತಿನ್ನುತ್ತಿದ್ದೆವು. ಹುಳಿಗೆ ಅವಳ ಒಂದು ಕಣ್ಣು ಮುಚ್ಚಿಹೋಗುತ್ತಿತ್ತು, ಆ ಮುಖ ನೋಡಿ ನನಗೆ ನಗು, ನನ್ನ ನಗು ನೋಡಿ ಅವಳಿಗೆ. ಅಷ್ಟು ಹುಳಿ ತಿಂದರೆ ಅಪ್ಪ ಬಯ್ಯುತ್ತಾರೆಂದು ಅವಳಿಗೆ ಹೆದರಿಕೆ. ಯಾರಿಗೂ ಹೇಳಬೇಡ ಮಾರಾಯ್ತಿ ಎನ್ನುತ್ತಿದ್ದಳು. ಇಷ್ಟನ್ನೂ ನಾನು ಒಂದೇ ಉಸಿರಿಗೆ ಹೇಳಿದೆ. ಅತ್ತೆ ಎದ್ದು ಸೆರಗು ಸಿಕ್ಕಿಸಿ ಬಿಂಬುಳಿ ಕೊಯ್ಯಲು ಹೋದರು.

ಮುಸ್ಸಂಜೆ ಬಡಿಸಿದೆವು. ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿ, ರೊಟ್ಟಿ, ನಾನೇ ಜಜ್ಜಿದ ಬಿಂಬುಳಿ. ಬಾಗಿಲೆಳೆದು ಮೂವರೂ ಜಗಲಿಯಲ್ಲಿ ನಿಂತೆವು. ಸ್ವಲ್ಪ ಹೊತ್ತು ಕಳೆದು ಅಪ್ಪ ಬಾಗಿಲು ತಟ್ಟಿ ತೆರೆದರು. ಸತ್ತವರು ಉಂಡು ಬಿಟ್ಟದ್ದನ್ನು ಮನೆಯವರು ಹಂಚಿಕೊಂಡು ಉಣ್ಣುವುದು ಕ್ರಮ. ಅಪ್ಪ ಒಂದು ಬಿಂಬುಳಿ ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿಬಿಟ್ಟರು. ಅಳುತ್ತಿದ್ದರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮ ಸತ್ತ ದಿನವೂ ನೋಡಿರಲಿಲ್ಲ.

"ಇವಳನ್ನು ಕೊಲ್ಲಮೊಗ್ರಿಗೆ ಕಳಿಸುದು ಬೇಡ ಅಕ್ಕ" ಎಂದರು. "ಅವಳ ವಿಷಯ ಕೇಳ್ಲಿಕ್ಕೆ ನನಗೆ ಇವಳೊಬ್ಬಳೇ ಇರುದು."

ಆಮೇಲೆ ನನ್ನ ಕಡೆ ತಿರುಗಿ, "ಇನ್ನೂ ಹೇಳು ಮಗಾ" ಎಂದರು.

ಹೇಳಿದೆ. ಸ್ನಾನದ ನೀರು ಕಾಯಿಸುವಾಗ ಅಮ್ಮ ಒಬ್ಬಳೇ ಪದ ಹಾಡಿಕೊಳ್ಳುತ್ತಿದ್ದದ್ದು, ಗುಡುಗಿಗೆ ಹೆದರಿ ನನ್ನ ಹೊದಿಕೆಯೊಳಗೆ ನುಗ್ಗುತ್ತಿದ್ದದ್ದು, ಎಲ್ಲ. ನನ್ನ ಎಲೆ ಖಾಲಿಯಾದದ್ದು ನನಗೂ ಗೊತ್ತಾಗಲಿಲ್ಲ, ಅಪ್ಪನಿಗೂ ಗೊತ್ತಾಗಲಿಲ್ಲ. ಅತ್ತೆ ಮಾತ್ರ ನೋಡಿದರು. ಮಾತಿನ ನಡುವೆ ಬಾಯಿ ಹಾಕದೆ ನನ್ನ ಎಲೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು.