ಬೆಳಿಗ್ಗೆ ಎತ್ತಬಾರದ ಮಾತು

ಕುಡಿದವನು ಸಂಜೆ ಆಡಿದ ಮಾತನ್ನು ಬೆಳಿಗ್ಗೆ ಎತ್ತಬಾರದು. ಇದು ನಮ್ಮ ಮನೆಯ ಕಟ್ಟಳೆ. ಅಪ್ಪ ಬದುಕಿದ್ದಾಗ ಅವ್ವ ಮಾಡಿದ್ದು. ಸಂಜೆ ಬಾಯಿಗೆ ಬಂದಂತೆ ಬೈಸಿಕೊಂಡು, ಬೆಳಿಗ್ಗೆ ಅದೇ ಗಂಡನಿಗೆ ಮುದ್ದೆ ಬಡಿಸಬೇಕಲ್ಲ, ಇನ್ನೇನು ಮಾಡಿಯಾಳು? ಅವಳನ್ನು ಬೈಯೋಕೆ ನನಗೆ ಬಾಯಿ ಬರೋದಿಲ್ಲ. ಆದರೆ ಆ ಕಟ್ಟಳೆ ನೆನೆದರೆ ಇವತ್ತಿಗೂ ಮೈ ಉರಿಯುತ್ತೆ.

ಅಪ್ಪ ಹೋದ ಮೇಲೆ ತಮ್ಮ ಕುಡಿಯೋಕೆ ಶುರು ಮಾಡಿದ. ರಾಬರ್ಟ್‌ಸನ್‌ಪೇಟೆಯ ಸೌದೆ ಡಿಪೋದಲ್ಲಿ ಕೂಲಿ. ಸಂಜೆ ಮಾರಿಕುಪ್ಪಂ ರೈಲಲ್ಲಿ ಬಂಗಾರಪೇಟೆಗೆ ಬಂದು, ಸಾರಾಯಿ ಅಂಗಡಿ ಹೊಕ್ಕು, ಆಮೇಲೆ ಊರಿನ ದಾರಿ. ಹೆಂಡತಿ ಮಗು ಎತ್ತಿಕೊಂಡು ತವರಿಗೆ ಹೋದಳು. ಒಳ್ಳೇದೇ ಮಾಡಿದಳು ಅಂತ ಆಗ ನಾನೇ ಅಂದಿದ್ದೆ.

ಅಲ್ಲಿಂದ ದಿನಾ ಸಂಜೆ ಜಗಲಿ ಮೇಲೆ ಕೂತು ಒಂದೇ ಮಾತು. "ಅಕ್ಕಾ, ನಂಗೆ ಬದುಕೋದೇ ಬ್ಯಾಡ ಅನ್ನಿಸ್ತೈತೆ."

"ಬಿಡೇ, ಕುಡ್ದೋನ ಮಾತು," ಅಂತ ಅವ್ವ ಒಳಗೆ ಹೋಗುತ್ತಿದ್ದಳು.

ಬೆಳಿಗ್ಗೆ ಅವನು ಕೊಟ್ಟಿಗೆ ಬಾಗಿಲಲ್ಲಿ ನಿಂತು ನಾನು ಹಾಲು ಕರೆಯೋದನ್ನೇ ನೋಡುತ್ತಿದ್ದ. ಏನಾದರೂ ಕೇಳಲಿ ಅಂತ ಕಾಯುತ್ತಿದ್ದ, ನನಗೆ ಗೊತ್ತಿತ್ತು. ನಾನು ದೊಡ್ಡ ಮರ್ಯಾದಸ್ತೆ, "ಮುದ್ದೆ ಐತೆ, ತಿಂದು ಓಗು," ಅಂತಿದ್ದೆ.

ಒಂದು ಭಾನುವಾರ ಅವನು ಕುಡಿದು ಪ್ರಾಣ ಕಳಕೊಳ್ಳೋಕೆ ನೋಡಿದ. ಪಕ್ಕದ ಮನೆಯವರ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಬಂಗಾರಪೇಟೆ ಆಸ್ಪತ್ರೆಗೆ ಒಯ್ದೆವು. ಉಳೀತಾನೆ ಅಂತ ಗೊತ್ತಾದ ಮೇಲೆ ಡಾಕ್ಟರು ಕೇಳಿದರು, ಮುಂಚೆ ಯಾವತ್ತಾದರೂ ಸಾಯೋ ಮಾತು ಆಡಿದ್ದನಾ ಅಂತ.

"ಒಂದು ದಿನಾನೂ ಇಲ್ಲ ಸ್ವಾಮಿ," ಅಂದಳು ಅವ್ವ. ಸುಳ್ಳು ಅಂತ ಅವಳಿಗೆ ಅನ್ನಿಸಲೇ ಇಲ್ಲ.

"ದಿನಾ ಅಂತಿದ್ದ," ಅಂದೆ ನಾನು.

ಅವ್ವ ನನ್ನ ತೋಳು ಚಿವುಟಿದಳು. "ಕುಡ್ದಾಗ ಅಂದಿದ್ದು ಸ್ವಾಮಿ, ಅದೂ ಒಂದು ಮಾತಾ?"

"ಕುಡಿದಾಗ ಅಲ್ಲದೆ ಇನ್ಯಾವಾಗ ಅಂತಾನಮ್ಮ ಅವನು?" ಅಂದರು ಡಾಕ್ಟರು.

ಮನೆಗೆ ಬಂದ ಮೇಲೆ ಅವನು ಎರಡು ತಿಂಗಳು ಸಾರಾಯಿ ಮುಟ್ಟಲಿಲ್ಲ. ಆಮೇಲೆ ಒಂದು ಸಂಜೆ ಮತ್ತೆ ಅದೇ ವಾಸನೆ, ಅದೇ ಜಗಲಿ, ಅದೇ ಮಾತು. ಅವ್ವ ಎದ್ದು ಒಳಗೆ ಹೋದಳು. ನಾನು ಅವನ ಪಕ್ಕ ಕೂತೆ, ಅವನು ನಿದ್ದೆ ಹೋಗೋವರೆಗೂ ಏಳಲಿಲ್ಲ.

ಬೆಳಿಗ್ಗೆ ತಟ್ಟೆ ಮುಂದೆ ಕೂತವನಿಗೆ ಮುದ್ದೆ ಇಡದೆ ಕೇಳಿದೆ. "ನೆನ್ನೆ ಬದುಕೋದು ಬ್ಯಾಡ ಅಂದ್ಯಲ್ಲ, ಈಗ್ಲೂ ಅಂಗೇ ಅನ್ನಿಸ್ತೈತೇನ್ಲಾ?"

ಒಲೆ ಮುಂದೆ ಅವ್ವ ಕೈ ನಿಲ್ಲಿಸಿದಳು. ಅವನು ಖಾಲಿ ತಟ್ಟೆಯನ್ನೇ ನೋಡಿದ.

"ಊಂ ಕಣಕ್ಕ," ಅಂದ. "ಬೆಳಿಗ್ಗೇನೇ ಜಾಸ್ತಿ."

ಅದೆಷ್ಟು ದಿನ ಬೆಳಿಗ್ಗೆ ಅವನು ಆ ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದ! ಅವತ್ತು ಅವನಿಗೆ ಡಿಪೋಗೆ ಹೋಗೋ ರೈಲು ತಪ್ಪಿತು. ತಪ್ಪಲಿ, ಕೂತ್ಕೊ, ಮಾತಾಡು ಅಂದೆ.