ಮಸ್ಕತ್ತಿನಿಂದ ಮೂರೇ ಗಂಟೆ

ಸುಮಾ, ನೀನು ಅವ್ವನ ಮುಖ ನೋಡದಂತೆ ಮಾಡಿದವರು ದೊಡ್ಡಪ್ಪನಲ್ಲ — ನಿನ್ನ ಅಣ್ಣನಾದ ನಾನು. ಇದನ್ನು ಬರೆಯಲು ಆರು ವರ್ಷದಿಂದ ಎಷ್ಟೋ ಸಲ ಕೂತು, ಹೆದರಿ, ಎದ್ದು ಹೋಗಿದ್ದೇನೆ.

ಅವ್ವ ತೀರಿಕೊಂಡ ಬೆಳಿಗ್ಗೆ ನೀನು ಮಸ್ಕತ್ತಿನಿಂದ ಅಳುತ್ತ ಫೋನ್ ಮಾಡಿದೆ. "ನೇರ ವಿಮಾನ ಸಿಕ್ತು ಅಣ್ಣಾ. ಬೆಂಗಳೂರಿಗೆ ಮೂರೇ ಗಂಟೆ, ಅಲ್ಲಿಂದ ಕಾರು. ರಾತ್ರಿ ಎಂಟು ಗಂಟೆಯೊಳ್ಗೆ ಬಂದ್ಬುಡ್ತೀನಿ. ಅವ್ವನ್ನ ಇಟ್ಕೊಂಡಿರಿ."

ಹೂಂ ಎಂದೆ.

ಜಗುಲಿಯಲ್ಲಿ ಕುಳಿತಿದ್ದ ದೊಡ್ಡಪ್ಪ ಕೇಳಿದರು: "ಕೂಸು ಎಷ್ಟೊತ್ಗೆ ಬಂದದ್ಲಾ? ಬರೋಗಂಟ ಕಾಯ್ಮ."

"ಎರಡು ಸಾವಿರ ಕಿಲೋಮೀಟರ್ ಮ್ಯಾಲದೆ ದೊಡ್ಡಪ್ಪ. ಎರಡು ವಿಮಾನ ಹತ್ಬೇಕು. ನಾಳೆ ಸಂಜೆಯಾಯ್ತದೆ."

ದೂರ ಹೇಳಿದ್ದು ನಿಜ, ಹೊತ್ತು ಹೇಳಿದ್ದು ಸುಳ್ಳು. ವಿಮಾನ ಹತ್ತಿಯೇ ಗೊತ್ತಿಲ್ಲದ ದೊಡ್ಡಪ್ಪ ನಂಬಿದರು. "ಅಲ್ಲೀಗಂಟ ಇಡಾಕಾದದಾ..." ಎಂದು ತಲೆ ತಗ್ಗಿಸಿದರು. ನಾಲ್ಕು ಗಂಟೆಗೆ ನಮ್ಮ ಹೊಲದಲ್ಲಿ ಅವ್ವನ ಸಮಾಧಿಯಾಯಿತು. ಅಷ್ಟು ಹೊತ್ತಿಗೆ ನೀನು ಬೆಂಗಳೂರಿನಲ್ಲಿ ಇಳಿದು ಕಾರು ಹತ್ತಿದ್ದೆ.

ಯಾಕೆ? ನೀನು ನರ್ಸು, ಅದಕ್ಕೆ.

ಹಿಂದಿನ ದಿನ ಹೆಮ್ಮಿಗೆಯ ಚಿಕ್ಕವ್ವನ ಮನೆಯಿಂದ ಅವ್ವನನ್ನು ಬೈಕಿನಲ್ಲಿ ಕರೆತರುತ್ತಿದ್ದೆ. ನರಸೀಪುರದ ಹತ್ತಿರ ಫೋನ್ ಬಂತು — ಒಂದು ಕೈಯಲ್ಲಿ ಎತ್ತಿದೆ — ಹಂಪ್ ಕಾಣಲಿಲ್ಲ. ತಿರುಗಿ ನೋಡಿದರೆ ಅವ್ವ ಜಲ್ಲಿಯ ಮೇಲೆ ಬಿದ್ದಿದ್ದಳು. ಎದ್ದು ಕೂತು ಸೆರಗು ಹೊದ್ದುಕೊಂಡು, "ಏನೂ ಆಗ್ನಿಲ್ಲ ಕಣಪ್ಪಾ, ಯಾರ್ಗೂ ಏಳ್ಬ್ಯಾಡ" ಎಂದಳು. ತಲೆಯ ಹಿಂದೆ ಊದಿತ್ತು. ದಾರಿಯಲ್ಲೇ ಆಸ್ಪತ್ರೆ ಇತ್ತು. ಹೇಗಾಯಿತೆಂದು ಕೇಳುತ್ತಾರೆ, ಪೊಲೀಸರಿಗೆ ತಿಳಿಸುತ್ತಾರೆ ಎಂಬ ಭಯ... ನಿಲ್ಲಿಸದೆ ನಮ್ಮೂರು ಹದಿನಾರಿಗೆ ಬಂದುಬಿಟ್ಟೆ. ಹೊಟ್ಟೆ ತೊಳಸುತ್ತದೆ ಎಂದು ಅವ್ವ ಉಣ್ಣದೆ ಮಲಗಿದಳು. ಬೆಳಿಗ್ಗೆ ಏಳಲಿಲ್ಲ.

ಬಚ್ಚಲಲ್ಲಿ ಜಾರಿದ್ದಳು ಎಂದು ಎಲ್ಲರಿಗೂ ಹೇಳಿದೆ. ಮೈ ತೊಳೆದ ಹೆಂಗಸರೂ ನಂಬಿದರು. ನೀನು ನಂಬುತ್ತಿರಲಿಲ್ಲ — ಆ ಮೊಣಕೈಯ ತರಚುಗಾಯವನ್ನು, ಅದರೊಳಗೆ ಕಚ್ಚಿಕೊಂಡಿದ್ದ ಜಲ್ಲಿಪುಡಿಯನ್ನು ನೋಡಿದ ಕೂಡಲೇ ನನ್ನ ಕಡೆ ತಿರುಗುತ್ತಿದ್ದೆ.

ನೀನು ಬಂದವಳೇ ಹಸಿ ಮಣ್ಣಿನ ಮೇಲೆ ಬಿದ್ದು ಅತ್ತೆ. ಎಷ್ಟು ಬೇಡಿಕೊಂಡರೂ ದೊಡ್ಡಪ್ಪ ಕಾಯಲಿಲ್ಲ ಎಂದು ನಿನ್ನ ಕಿವಿಯಲ್ಲಿ ಹೇಳಿದೆ. ಅವರಿಗೆ, "ಎಂಗೋ ನೇರ ವಿಮಾನ ಸಿಕ್ಬುಡ್ತಂತೆ" ಎಂದೆ. ಅಂದಿನಿಂದ ನೀನು ಅವರ ಹೊಸ್ತಿಲು ತುಳಿದಿಲ್ಲ. ಯಾಕೆಂದು ಅವರಿಗೆ ಇವತ್ತಿಗೂ ತಿಳಿಯದು. "ಕೂಸು ನನ್ಮ್ಯಾಲೆ ಯಾಕ್ಲಾ ಮುನಿಸ್ಕೊಂಡದೆ?" ಎಂದು ನನ್ನನ್ನೇ ಕೇಳುತ್ತಾರೆ.

ಈಗ ಅವರ ಮನೆಗೆ ಹೊರಟಿದ್ದೇನೆ. ಎಲ್ಲವನ್ನೂ ಹೇಳಿ, ಅವರ ಎದುರೇ ಕೂತು ಇದನ್ನು ನಿನಗೆ ಕಳಿಸುತ್ತೇನೆ. ಅವರು ಏನೆನ್ನುತ್ತಾರೋ ಎಂಬ ಭಯವಲ್ಲ ನನ್ನದು. ಒಂದು ಪ್ರಶ್ನೆಗೆ ಉತ್ತರ ನಿನಗೊಬ್ಬಳಿಗೇ ಗೊತ್ತು; ಆ ಉತ್ತರಕ್ಕೆ ಹೆದರಿಯೇ ಇಷ್ಟು ವರ್ಷ ಬಾಯಿ ಮುಚ್ಚಿದ್ದೆ. ನನ್ನನ್ನು ಉಳಿಸಲು ನೋಡಬೇಡ, ಇದ್ದದ್ದು ಹೇಳು —

ಅಂದು ಆಸ್ಪತ್ರೆಯ ಮುಂದೆ ಬೈಕು ನಿಲ್ಲಿಸಿದ್ದರೆ, ಅವ್ವ ಬದುಕುತ್ತಿದ್ದಳೇ?